ಸಿಹಿ ನೀರು, ಸವಳು ನೀರು

ಈ ಸಲ ನೀರಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನೋದಿ 'ಸರ್ ಮತ್ತೆ ಪಾಠ ಶುರು ಮಾಡಿದರು' ಎಂದು ನಕ್ಕಾರು. ನಗಲಿ, ಅಡ್ಡಿಯಿಲ್ಲ. ನಿವೃತ್ತನಾದರೂ ಮಾಸ್ತರನ ಚಾಳಿ ಹೋಗುವುದಿಲ್ಲ. ಬೆಂಗಳೂರು, ಪುಣೆ, ಇನ್ನೂ ದೂರದ ಊರುಗಳಲ್ಲಿರುವ ಬಂಧುಗಳು ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಮಳೆಯನ್ನು, ಆಮೇಲೆ ನೀರನ್ನು. "ನಳಕ್ಕ ನೀರು ಬಂದಿತ್ತೇನು?" ಎಂಬುದು ನಮ್ಮ ರೋಣದ ಕಡೆ ಕ್ಷೇಮಸಮಾಚಾರದ ಒಂದು ಭಾಗವೇ ಆಗಿದೆ. ಬಂದಿತ್ತು ಎನ್ನುತ್ತೇನೆ. ಎಂಥ ನೀರು ಬಂದಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಊರಿನ ಅಂಚಿಗಿರುವ ನಮ್ಮ ಬಡಾವಣೆಯಲ್ಲಿ ಒಂದೇ ನಳಕ್ಕೆ ಎರಡು ಬಗೆಯ ನೀರು ಬರುತ್ತದೆ. ಒಂದು ಮಲಪ್ರಭೆಯದು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೊಳವೆಯಲ್ಲಿ ಹಾದು ನಮ್ಮಲ್ಲಿಗೆ ತಲುಪುವ ನೀರು. ಇನ್ನೊಂದು, ಹೊಳೆಯ ನೀರು ಸಾಲದಾದ ದಿನಗಳಲ್ಲಿ ಬಿಡುವ ಕೊಳವೆಬಾವಿಯ ನೀರು. ಇವತ್ತು ಯಾವುದು, ನಾಳೆ ಯಾವುದು ಎಂದು ಯಾರೂ ಡಂಗುರ ಸಾರುವುದಿಲ್ಲ. ಆದರೂ ಮನೆಯ ಹೆಣ್ಣುಮಕ್ಕಳಿಗೆ ಅರ್ಧ ಕೊಡ ತುಂಬುವುದರೊಳಗೆ ತಿಳಿದುಬಿಡುತ್ತದೆ. ಕೈಗೆ ಹಚ್ಚಿದ ಸಾಬೂನು ನೊರೆಯಾದರೆ ಹೊಳೆ. ಮೊಸರು ಒಡೆದಂತೆ ಬಿಳಿಯ ಗಸಿಯಾಗಿ ಕೈಗೆ ಅಂಟಿಕೊಂಡರೆ ಬೋರು. ನಳದ ಬಾಯಿಗೆ ಕಟ್ಟಿದ ಬಿಳಿಯ ಹುಡಿ, ತೊಳೆದಿಟ್ಟ ಸ್ಟೀಲಿನ ತಂಬಿಗೆ ಒಣಗಿದ ಮೇಲೆ ಉಳಿಯುವ ಚುಕ್ಕೆ, ಗೀಸರಿನ ಸುರುಳಿಗೆ ಗೋಡೆಯ ಗಿಲಾವಿನಂತೆ ಹತ್ತಿದ ಪೊರೆ — ಇವೆಲ್ಲ ಆ ಎರಡನೆಯ ನೀರಿನ ಸಹಿಗಳು.

ಹೋದ ಬೇಸಿಗೆಯಲ್ಲಿ ನೀರು ಶುದ್ಧೀಕರಿಸುವ ಯಂತ್ರ ಮಾರುವ ಇಬ್ಬರು ತರುಣರು ನಮ್ಮ ಓಣಿಗೆ ಬಂದಿದ್ದರು. ನಮ್ಮ ಮನೆಯ ಕಟ್ಟೆಯೇ ನೆರಳಿನದಾದ್ದರಿಂದ ಅಲ್ಲಿಯೇ ಪ್ರಯೋಗಶಾಲೆ ಸಿದ್ಧವಾಯಿತು. ಎರಡು ಗಾಜಿನ ಲೋಟ. ಒಂದರಲ್ಲಿ ನಮ್ಮ ನಳದ ನೀರು, ಇನ್ನೊಂದರಲ್ಲಿ ಅವರ ಯಂತ್ರದಿಂದ ಬಂದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ತಿನ ಗುಂಡಿ ಒತ್ತಿದರು. ಒಂದೆರಡು ನಿಮಿಷಗಳಲ್ಲಿ ನಳದ ನೀರು ಹಸಿರಾಗಿ, ಕಂದಾಗಿ, ಕೊನೆಗೆ ಗಟಾರದ ನೀರಿನಂತಾಯಿತು. ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. "ನೋಡ್ರಿ ಅಕ್ಕಾರ, ಇದನ್ನ ನೀವು ದಿನಾ ಮಕ್ಕಳಿಗೆ ಕುಡಸಾಕತ್ತೀರಿ" ಎಂದು ಅವರಲ್ಲೊಬ್ಬ ನಿಟ್ಟುಸಿರಿಟ್ಟ. ನೆರೆದ ಹೆಣ್ಣುಮಕ್ಕಳು ಬೆರಗಾಗಿ ಮೂಗಿನ ಮೇಲೆ ಬೆರಳಿಟ್ಟರು.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು, ಸುಮ್ಮನಿರುವುದು ಹೇಗೆ? "ತಮ್ಮಾ, ನಿನ್ನ ನೀರಿಗೆ ಒಂದು ಚಿಟಿಕಿ ಅಡಿಗಿ ಉಪ್ಪು ಹಾಕಿ ಮತ್ತ ಗುಂಡಿ ಒತ್ತು, ನೋಡೋಣ" ಎಂದೆ. ಅವನು ಅನುಮಾನಿಸುವಷ್ಟರಲ್ಲಿ ನನ್ನ ಮನೆಯಾಕೆ ಉಪ್ಪಿನ ಡಬ್ಬಿ ತಂದಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನ ನೀರೂ ಗಟಾರವಾಯಿತು! ಆ ಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣ. ಲವಣಗಳಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿ ಸವೆದು ನೀರಿಗಿಳಿಯುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ತು ಹೆಚ್ಚು ಹರಿಯುವುದಿಲ್ಲ, ಕಡ್ಡಿ ಸವೆಯುವುದಿಲ್ಲ, ನೀರು ತಿಳಿಯಾಗಿರುತ್ತದೆ. ಒಂಬತ್ತು-ಹತ್ತನೆಯ ತರಗತಿಯ ಪಾಠ ಇದು. ಹುಡುಗರು ಒಳ್ಳೆಯವರು, ಸಿಟ್ಟಾಗಲಿಲ್ಲ. "ನಮಗ ಹಿಂಗ ತೋರಸ್ರಿ ಅಂತ ಕಲಿಸ್ಯಾರ್ರಿ ಸರ್" ಎಂದ ಚಿಕ್ಕವನು. ಚಹಾ ಕುಡಿದು ಹೋದರು. ಬೋರಿನ ನೀರಿನ ಚಹಾ ಅದು. ಮೇಲೆ ತೆಳುವಾದ ಪೊರೆ ಕಟ್ಟಿದ್ದನ್ನು ಅವರು ಗಮನಿಸಿದರೋ ಇಲ್ಲವೋ.

ಆದರೆ ಅವರ ಆಟ ಬಯಲಾದ ಮಾತ್ರಕ್ಕೆ ನಮ್ಮ ನೀರು ಒಳ್ಳೆಯದೆಂದು ಸಿದ್ಧವಾಗಲಿಲ್ಲ. ಅಂದು ಕಟ್ಟೆಯ ಸುತ್ತ ನೆರೆದವರು "ಸರ್ ಹೇಳಿದ ಮ್ಯಾಲ ಮುಗೀತು, ನಮ್ಮ ನೀರು ಚಲೋ ಐತಿ" ಎಂದು ನಿಶ್ಚಿಂತರಾಗಿ ಮನೆಗೆ ಹೋದರಲ್ಲ, ಅದು ನನ್ನನ್ನು ಕಾಡಿತು. ಅದಕ್ಕಾಗಿಯೇ ಈ ಬರಹ.

ಮೊದಲು ಗಡಸುತನದ ಮಾತು. ನಮ್ಮದು ಎರೆಭೂಮಿ. ಹೊಲ ಉಳುವಾಗ ಎರೆಮಣ್ಣಿನಲ್ಲಿ ಬಿಳಿಯ ಸುಣ್ಣದ ಹರಳುಗಳು ಮೇಲೇಳುವುದನ್ನು ನೋಡಿಯೇ ಇರುತ್ತೀರಿ. ಮಳೆಯ ನೀರು ಮಣ್ಣಿನೊಳಗೆ ಇಳಿಯುತ್ತ ಅಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ; ಆ ಹುಳಿ ಸುಣ್ಣವನ್ನು ಕರಗಿಸುತ್ತದೆ. ಹೀಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೆರೆತ ನೀರೇ ಗಡಸು ನೀರು. ನಮ್ಮವರು ಇದನ್ನೂ ಉಪ್ಪು ಹೆಚ್ಚಿದ ನೀರನ್ನೂ ಸೇರಿಸಿ 'ಸವಳು' ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಕಾಯಿಸಿದಾಗ ಕರಗಿದ್ದ ಸುಣ್ಣದ ಒಂದು ಪಾಲು ಮತ್ತೆ ಕಲ್ಲಾಗಿ ಪಾತ್ರೆಯ ತಳ ಹಿಡಿಯುತ್ತದೆ. ಬಚ್ಚಲ ಹಂಡೆಯ ಒಳಮೈಯನ್ನು ಸುತ್ತಿಗೆಯಿಂದ ತಟ್ಟಿ ಚಕ್ಕೆ ಉದುರಿಸುವ ಕೆಲಸ ವರ್ಷಕ್ಕೊಮ್ಮೆ ನನ್ನ ಪಾಲಿಗೆ ಬರುತ್ತಿತ್ತು.

ಗಡಸು ನೀರಿನ ದೊಡ್ಡ ತಂಟೆ ಅಡುಗೆಮನೆಯದು. ಬೇಳೆ ಬೇಯುವುದಿಲ್ಲ. ತೊಗರಿ ಬೇಳೆಯ ಕಣಗಳನ್ನು ಒಂದಕ್ಕೊಂದು ಬೆಸೆಯುವ ಪೆಕ್ಟಿನ್ ಎಂಬ ಪದಾರ್ಥವಿದೆ. ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಅದನ್ನು ಕರಗಗೊಡದೆ ಬಿಗಿಯುತ್ತದೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಿಗಿ ಸಡಿಲುತ್ತದೆ. ನಮ್ಮ ಅವ್ವನಿಗೆ ಪೆಕ್ಟಿನ್ ಗೊತ್ತಿರಲಿಲ್ಲ. ಬೇಳೆಗೆ ಕೆರೆಯ ನೀರು, ಪಾತ್ರೆಗೆ ಬಾವಿಯ ನೀರು ಎಂಬುದು ಗೊತ್ತಿತ್ತು. ಮನೆಯಲ್ಲಿ ಎರಡು ಕೊಡಗಳು ಬೇರೆ ಬೇರೆ ಇರುತ್ತಿದ್ದವು. ಅದಲುಬದಲು ಮಾಡಿದವನಿಗೆ ಬೆನ್ನ ಮೇಲೆ ಬೀಳುತ್ತಿತ್ತು.

ಹಿಂದಿನವರು ಗಡಸು ನೀರಿಗೆ ಸೋತು ಕೂತವರಲ್ಲ. ತಲೆ ಎರೆದುಕೊಳ್ಳಲು ಸೀಗೆಕಾಯಿ, ಬಟ್ಟೆಗೆ ಅಂಟವಾಳ. ಇವುಗಳ ನೊರೆ ಸಾಬೂನಿನ ನೊರೆಯಂತೆ ಸುಣ್ಣ ಕಂಡರೆ ಗಸಿಯಾಗುವುದಿಲ್ಲ. ಊರಿನ ಮಡಿವಾಳರು ಹಳ್ಳದ ದಂಡೆಯಲ್ಲಿ ಬಿಳಿಯಾಗಿ ಎದ್ದ ಚೌಳು ಮಣ್ಣನ್ನು ಕತ್ತೆಯ ಮೇಲೆ ಹೇರಿಕೊಂಡು ಬರುತ್ತಿದ್ದರು. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಅಂಗಡಿಯ ವಾಷಿಂಗ್ ಸೋಡಾ. ಅದು ನೀರಿನ ಸುಣ್ಣವನ್ನು ಕೆಳಗಿಳಿಸಿ ಮೆದು ಮಾಡುತ್ತದೆ. 'ಗಡಸು ನೀರನ್ನು ಮೆದುಗೊಳಿಸುವ ವಿಧಾನಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ಒಬ್ಬ ಹುಡುಗ 'ನಮ್ಮ ಅಪ್ಪ ಚೌಳು ಹಾಕುತ್ತಾನೆ' ಎಂದು ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಅವನು ಇದನ್ನು ಓದುತ್ತಿದ್ದರೆ, ಮಗೂ, ಆ ಉತ್ತರ ನನಗಿನ್ನೂ ನೆನಪಿದೆ.

ಆರೋಗ್ಯದ ಮಾತಿಗೆ ಬಂದರೆ ಗಡಸು ನೀರಿಗೆ ಅದರ ತಪ್ಪಿಗಿಂತ ಹೆಚ್ಚು ಅಪವಾದ ಬಂದಿದೆ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಆರೋಗ್ಯದ ಕಾರಣಕ್ಕಾಗಿ ಗಡಸುತನಕ್ಕೆ ಮಿತಿಯನ್ನೇ ಹಾಕಿಲ್ಲ. ಗಡಸು ನೀರು ಸಾಬೂನು ತಿನ್ನುತ್ತದೆ, ಉರುವಲು ತಿನ್ನುತ್ತದೆ, ಹೆಂಗಸರ ತಾಳ್ಮೆ ತಿನ್ನುತ್ತದೆ. ಅದರ ಕೆಡುಕು ಎದುರಿಗೇ ಕಾಣುವಂಥದು, ಕೈಗೆ ಹತ್ತುವಂಥದು, ಬೈಯಲು ಅನುಕೂಲವಾದಂಥದು. ಕಾಣದ್ದು ಬೇರೆಯಿದೆ.

ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಅಪ್ಪನ ಎಡಗಾಲಿನ ಹರಡಿನ ಮೇಲೆ ಒಂದು ಕಲೆಯಿತ್ತು. ನಾರು ಹುಣ್ಣಿನದು. ಇಂದಿನ ಮಕ್ಕಳಿಗೆ ಈ ಹೆಸರೇ ಗೊತ್ತಿಲ್ಲ, ಗೊತ್ತಿಲ್ಲದಿರುವುದು ಒಳ್ಳೆಯದೇ. ಕೆರೆಯ, ಮೆಟ್ಟಿಲು ಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಾಣದಂಥ ಸಣ್ಣ ಜೀವಿಗಳ ಜತೆ ಹುಳುವಿನ ಮರಿ ಹೊಟ್ಟೆ ಸೇರುತ್ತದೆ. ಸುಮಾರು ಒಂದು ವರ್ಷ ಮೈಯೊಳಗೆ ಬೆಳೆದು, ಒಂದು ಮೊಳಕ್ಕೂ ಉದ್ದದ ದಾರದಂಥ ಹುಳುವಾಗಿ ಕಾಲಿನಲ್ಲಿ ಹುಣ್ಣು ಮಾಡಿಕೊಂಡು ಹೊರಗೆ ತಲೆ ಹಾಕುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ಹರಿದರೆ ಮತ್ತೂ ಕಷ್ಟ. ಉರಿ ತಾಳದೆ ಅದೇ ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿಗೆ ಇಟ್ಟರೆ ಹುಳು ತನ್ನ ಮರಿಗಳನ್ನು ಬಿಡುತ್ತದೆ. ಆ ನೀರನ್ನು ಇನ್ನೊಬ್ಬರು ಕುಡಿಯುತ್ತಾರೆ. ಬೇಳೆ ಬೇಯಿಸುತ್ತಿದ್ದ, ರುಚಿಯಾದ ಕೆರೆಯ ನೀರಿನ ಕಥೆ ಇದು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಉತ್ತರ ಕರ್ನಾಟಕದಲ್ಲಿ ಈ ಪೀಡೆ ಇತ್ತು. ದೇಶದ ಕೊನೆಯ ಪ್ರಕರಣ 1996ರಲ್ಲಿ ಆಯಿತು. 2000ದಲ್ಲಿ ಭಾರತ ಇದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಕಾಲದ ದೊಡ್ಡ ಸಾಧನೆಗಳಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ, ಯಾಕೋ.

ಆ ಸಾಧನೆಯಲ್ಲಿ ಬೋರಿಂಗಿನ ಪಾಲು ದೊಡ್ಡದು. 1972ರ ಬರ ಬಿದ್ದಾಗ ನಾನು ಸಣ್ಣ ಹುಡುಗ. ಕೆರೆ ಒಡೆದ ಹೆಂಚಿನಂತೆ ಬಿರಿದಿತ್ತು. ಆಮೇಲಿನ ವರ್ಷಗಳಲ್ಲಿ ಒಂದೊಂದೇ ಊರಿಗೆ ಕೊರೆಯುವ ಯಂತ್ರದ ಲಾರಿ ಬಂದಿತು, ಕೈಪಂಪುಗಳು ನಿಂತವು. ಮುಚ್ಚಿದ ಬಾವಿ, ಯಾರೂ ಕಾಲಿಡದ ನೀರು. ನಾರು ಹುಣ್ಣು ಹೋಯಿತು, ವಾಂತಿಭೇದಿ ಕಡಿಮೆಯಾಯಿತು. ಪಂಪು ಹೊಡೆದು ಬೊಗಸೆಯೊಡ್ಡಿ ಕುಡಿದ ಆ ತಣ್ಣನೆಯ ನೀರಿಗೆ ನಮ್ಮ ಪೀಳಿಗೆ ಋಣಿ. ಆದರೆ ಮೇಲ್ಪದರದ ನೀರು ಮೊನ್ನೆಯ ಮಳೆಯದು. ನೂರಾರು ಅಡಿ ಆಳದ್ದು ಬಹಳ ಕಾಲ ಬಂಡೆಯ ಸಂದಿನಲ್ಲಿ ಕುಳಿತು ಬಂಡೆಯ ಗುಣವನ್ನೆಲ್ಲ ಹೀರಿಕೊಂಡದ್ದು. ನಮ್ಮ ಭಾಗದ ಕಣಶಿಲೆಯಂಥ ಬಂಡೆಗಳ ಕೆಲವು ಖನಿಜಗಳಲ್ಲಿ ಫ್ಲೋರಿನ್ ಇದೆ. ಅದು ನೀರಿಗಿಳಿದಾಗ ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸಾಬೂನಿನ ನೊರೆಗೆ ಅಡ್ಡಿಯಿಲ್ಲ, ಬೇಳೆಗೆ ಅಡ್ಡಿಯಿಲ್ಲ.

ಹೈಸ್ಕೂಲಿಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು. ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಗುಂಪು ಚಿತ್ರ ತೆಗೆಸುವುದು ವಾಡಿಕೆ. ಛಾಯಾಗ್ರಾಹಕ 'ಎಲ್ಲಾರೂ ನಗ್ರಿ' ಎಂದೊಡನೆ ಕೆಲವು ಮಕ್ಕಳು ತುಟಿ ಬಿಗಿಯುತ್ತಿದ್ದರು. ನನ್ನ ಬಳಿ ಇರುವ ಆ ಚಿತ್ರಗಳನ್ನು ಈಗ ತೆಗೆದು ನೋಡಿದರೆ ಮುಚ್ಚಿದ ಬಾಯಿಗಳು ಒಂದೊಂದು ಊರಿನವು ಎಂದು ಗುರುತಿಸಬಲ್ಲೆ. ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿಯ ಮಚ್ಚೆ, ಅದರ ಮೇಲೆ ಕಂದು ಪಟ್ಟೆ. ಮನೆಯಲ್ಲಿ 'ಹಲ್ಲು ತಿಕ್ಕೂದಿಲ್ಲ' ಎಂದು ಬೈಗುಳ. ಬೂದಿ, ಇಟ್ಟಿಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಒಸಡಿನಲ್ಲಿ ರಕ್ತ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಮಾತಾಡಿಸುವ ನೆವದಲ್ಲಿ ಹಲ್ಲು ನೋಡುತ್ತಿದ್ದರು. ಜಾಣೆಯಾದ ಒಬ್ಬ ವಿದ್ಯಾರ್ಥಿನಿ ಮೂರು ವರ್ಷ ನನ್ನ ತರಗತಿಯಲ್ಲಿದ್ದಳು. ಉತ್ತರ ಹೇಳುವಾಗಲೂ ಅಂಗೈ ಬಾಯಿಯ ಮುಂದೆ ಇರುತ್ತಿತ್ತು. ಅವಳು ಕೈ ಇಲ್ಲದೆ ನಕ್ಕದ್ದನ್ನು ನಾನು ಕಂಡಿಲ್ಲ.

ಇದು ತಿಕ್ಕದ್ದರಿಂದ ಬಂದದ್ದಲ್ಲ, ತಿಕ್ಕಿದರೆ ಹೋಗುವುದೂ ಅಲ್ಲ. ಶಾಶ್ವತ ಹಲ್ಲುಗಳ ಹೊರಕವಚ ತಯಾರಾಗುವುದು ಮಗು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದೊಳಗೆ, ಒಸಡಿನ ಒಳಗೆ. ಆಗ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಕವಚ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮುಂದೆ ಎಂಥ ನೀರು ಕುಡಿದರೂ ಆ ಕಲೆ ಹೋಗದು. ಇನ್ನೂ ಹೆಚ್ಚಿನ ಫ್ಲೋರೈಡನ್ನು ಎಷ್ಟೋ ವರ್ಷ ಕುಡಿದವರಿಗೆ ಮೂಳೆಗಳೇ ಬಿಗಿಯುತ್ತವೆ. ಬೆನ್ನು ಬಗ್ಗದು, ಮೊಣಕಾಲು ಮಡಿಸದು. ನಮ್ಮ ದೇಶದಲ್ಲಿ ಇದನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ನಮ್ಮ ಗದಗ ಜಿಲ್ಲೆಯ ಮುಂಡರಗಿ, ರೋಣ ತಾಲ್ಲೂಕುಗಳ ಹೆಸರೂ ಫ್ಲೋರೈಡ್ ಪೀಡಿತ ಪ್ರದೇಶಗಳ ಪಟ್ಟಿಯಲ್ಲಿ ಬಹುಕಾಲದಿಂದ ಇದೆ.

ಅಮೆರಿಕದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಮಕ್ಕಳ ಹಲ್ಲಿನ ಕಂದು ಕಲೆಯ ಬೆನ್ನು ಹತ್ತಿದವರು. 1923ರಲ್ಲಿ ಇಡಾಹೋ ರಾಜ್ಯದ ಓಕ್ಲಿ ಎಂಬ ಊರಿನ ತಂದೆತಾಯಿಗಳು ಅವರನ್ನು ಕರೆಸಿದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಗತೊಡಗಿತೆಂಬುದು ಅವರ ದೂರು. ಮೆಕೇ ನೀರನ್ನು ಪರೀಕ್ಷಿಸಿದರೆ ಏನೂ ಸಿಗಲಿಲ್ಲ! ಆದರೂ ಕೊಳವೆಯನ್ನು ಬಿಟ್ಟುಬಿಡಿ, ಇನ್ನೊಂದು ಬುಗ್ಗೆಯ ನೀರು ಕುಡಿಯಿರಿ ಎಂದರು. ಊರವರು ಕೇಳಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ಆ ಕಲೆಗೆ ಫ್ಲೋರೈಡ್ ಕಾರಣವೆಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಪತ್ತೆ ಮಾಡಿದ್ದು 1931ರಲ್ಲಿ. ಅಲ್ಲಿಯವರೆಗೆ ಹುಡುಕಬೇಕಾದದ್ದು ಯಾವುದೆಂದೇ ಯಾರಿಗೂ ತಿಳಿದಿರಲಿಲ್ಲ. ನಮಗೆ ತಿಳಿದು ತೊಂಬತ್ತು ವರ್ಷಗಳಿಗೂ ಮೇಲಾಯಿತು. ಲೀಟರಿಗೆ 1 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು, 1.5 ದಾಟಲೇಬಾರದು ಎಂದು ನಮ್ಮ ಮಾನದಂಡದಲ್ಲೇ ಇದೆ.

ನಮ್ಮ ಕಡೆಯ ಹೋರಾಟಗಳೆಲ್ಲ 'ಎಷ್ಟು ನೀರು' ಎಂಬುದರ ಸುತ್ತ ನಡೆದಿವೆ. 1980ರ ಜುಲೈ 21ರಂದು ನರಗುಂದದಲ್ಲಿ ಏನಾಯಿತೆಂದು ಹಿರಿಯರಿಗೆ ಹೇಳಬೇಕಾಗಿಲ್ಲ; ಬಾರದ ನೀರಿಗೆ ಕರ ಕೇಳಿದ್ದಕ್ಕೆ ಎದ್ದ ಬಂಡಾಯ ಅದು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ಈ ಅಂಕಿಗಳು ನಮ್ಮ ಚಹಾದಂಗಡಿಯಲ್ಲಿ ಕುಳಿತವರಿಗೆಲ್ಲ ಬಾಯಿಪಾಠ. ತಮ್ಮ ಮನೆಯ ಬೋರಿನಲ್ಲಿ ಫ್ಲೋರೈಡ್ ಎಷ್ಟೆಂದು ಕೇಳಿದರೆ ಅವರೇ ಮುಖ ನೋಡುತ್ತಾರೆ. ಹೊಳೆಯ ನೀರಿನ ಬೇಡಿಕೆ ಹೊಲಕ್ಕಷ್ಟೇ ಅಲ್ಲ, ಹಲ್ಲಿಗೂ ಎಲುಬಿಗೂ ಸಂಬಂಧಿಸಿದ್ದು ಎಂಬುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲವೆಂದು ನನಗನಿಸುತ್ತದೆ.

ಈಗ ಮುಖ್ಯ ಮಾತು. ಇದನ್ನು ಬಡಾವಣೆಯ ಮನೆಯೊಂದರ ಕಥೆಯಾಗಿಯೇ ಹೇಳುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮಿಂದ ನಾಲ್ಕು ಓಣಿ ಆಚೆ ಹೊಸ ಮನೆ ಕಟ್ಟಿಸಿದ್ದಾಳೆ. ಅತ್ತೆ, ಗಂಡ, ಒಂದು ಹೆಣ್ಣುಮಗು. ನಳದ ನೀರನ್ನು ನೆಚ್ಚಿ ಕೂಡುವುದಾಗದೆಂದು ಹಿತ್ತಲಲ್ಲಿ ಬೋರು ಹಾಕಿಸಿದರು. ಅದೃಷ್ಟ ನೋಡಿ, ನೆರೆಹೊರೆಯಲ್ಲೆಲ್ಲ ಸವಳು, ಇವರಿಗೆ ಸಿಹಿ ನೀರು! ಸಾಬೂನಿಗೆ ಬುರುಬುರು ನೊರೆ, ಬೇಳೆ ಎರಡು ಸೀಟಿಗೆ ಹಣ್ಣು. ಅಕ್ಕಪಕ್ಕದವರು ಕೊಡ ಹಿಡಿದು ಬರತೊಡಗಿದರು. ಆ ಹಿರಿಯ ಜೀವಕ್ಕೆ ಊರಿಗೆ ನೀರು ಕೊಡುವ ಪುಣ್ಯದ ಸಂಭ್ರಮ. ಯಂತ್ರ ಮಾರುವ ಹುಡುಗರು ಆ ಮನೆಗೂ ಹೋಗಿದ್ದರಂತೆ. ಕಡ್ಡಿಯಂಥ ಮೀಟರ್ ಅದ್ದಿ ನೋಡಿ "ನಿಮಗ ಮಷೀನು ಬ್ಯಾಡ್ರಿ, ನಿಮ್ಮದು ಕಮ್ಮಿ ಐತಿ" ಎಂದರಂತೆ. ಆ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು. ನಾನೂರು-ಐನೂರು ಮಿಲಿಗ್ರಾಮಿನ ಗುಂಪಿನಲ್ಲಿ ಫ್ಲೋರೈಡಿನ ಎರಡು ಮಿಲಿಗ್ರಾಂ ಎಲ್ಲಿ ಕಂಡೀತು? ಸಂತೆಯ ಗದ್ದಲ ಕೇಳಿ ಕಳ್ಳನಿದ್ದಾನೋ ಇಲ್ಲವೋ ಹೇಳಿದ ಹಾಗೆ.

ಕಟ್ಟೆಯ ಮೇಲಿನ ಪ್ರಯೋಗದ ಸುದ್ದಿ ಕೇಳಿ ಅವಳು ಒಂದು ಬಾಟಲಿ ನೀರು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಸರ್, ನಮ್ಮದು ಹೆಂಗೈತಿ ಹೇಳ್ರಿ." ಬಾಟಲಿ ನೋಡಿ ಹೇಳುವ ವಿದ್ಯೆ ನನ್ನಲ್ಲಿಲ್ಲ, ಜಿಲ್ಲೆಯ ಪ್ರಯೋಗಾಲಯಕ್ಕೆ ಕೊಡು, ನಳದ ನೀರನ್ನೂ ಜತೆಗೆ ಕೊಡು, ಫ್ಲೋರೈಡ್ ನೋಡಿರೆಂದು ಚೀಟಿಯ ಮೇಲೆ ಬರೆಸು ಎಂದೆ. ವರದಿ ಬಂದಿತು. ನಳದ ನೀರು, ಬೋರು ಬೆರೆತ ದಿನದ್ದು, ಗಡಸುತನದಲ್ಲಿ ಮಾನದಂಡದ ಎರಡರಷ್ಟು. ಫ್ಲೋರೈಡ್ ಒಂದಕ್ಕಿಂತ ಕಡಿಮೆ. ಹಿತ್ತಲ ಸಿಹಿ ನೀರಿನ ಗಡಸುತನ ಇನ್ನೂರರ ಒಳಗೆ. ಫ್ಲೋರೈಡ್ ಎರಡನ್ನು ದಾಟಿತ್ತು.

ಅತ್ತೆಯವರು ಒಪ್ಪಲಿಲ್ಲ. ನನ್ನನ್ನೇ ಮನೆಗೆ ಕರೆಸಿ ಕೇಳಿದರು: "ಬ್ಯಾಳಿ ಕುದಿಯೋ ನೀರು ಕೆಟ್ಟದ್ದು ಹೆಂಗಾದೀತ್ರಿ ಮಾಸ್ತರ?"

ಪ್ರಶ್ನೆ ಸಣ್ಣದಲ್ಲ. ತಲೆಮಾರುಗಳ ಅನುಭವ ಅದರಲ್ಲಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಹೊತ್ತು ಕರಗಿ ಉಳಿಯಲಾರದು. ಎರಡೂ ಕೂಡಿ ಸುಲಭವಾಗಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗಿಳಿಯುತ್ತದೆ. ಆಳದ ಕೆಲವು ನೀರುಗಳಲ್ಲಿ ಕ್ಯಾಲ್ಸಿಯಂ ಕಳೆದು ಅದರ ಜಾಗದಲ್ಲಿ ಸೋಡಿಯಂ ಬೈಕಾರ್ಬೊನೇಟ್ ಸೇರಿಕೊಂಡಿರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಅಂದರೆ ಅಡುಗೆ ಸೋಡಾ! ಅಂಥ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸಾಬೂನು ನೊರೆಯುತ್ತದೆ. ಅಂಥ ನೀರಿನಲ್ಲೇ ಫ್ಲೋರೈಡ್ ತಡೆಯಿಲ್ಲದೆ ಕರಗಿ ನಿಲ್ಲುತ್ತದೆ. ಯಾವ ಗುಣಕ್ಕಾಗಿ ಆ ನೀರನ್ನು ಹೊಗಳುತ್ತಿದ್ದರೋ ಅದೇ ಗುಣ ಕೆಡುಕಿಗೂ ದಾರಿ ಮಾಡಿಕೊಟ್ಟಿತ್ತು. ಎಲ್ಲ ಸಿಹಿ ನೀರೂ ಹೀಗೆಂದಲ್ಲ. ಎಲ್ಲ ಸವಳು ನೀರೂ ನಿರ್ದೋಷಿಯೆಂದೂ ಅಲ್ಲ. ಗೊಬ್ಬರದ, ಗಟಾರದ ನೈಟ್ರೇಟು ಎರಡರಲ್ಲೂ ಇರಬಹುದು. ನಾಲಿಗೆ, ಸಾಬೂನು, ಬೇಳೆ ಈ ಮೂವರನ್ನು ಸಾಕ್ಷಿ ಕರೆದು ತೀರ್ಪು ಕೊಡುವಂತಿಲ್ಲ, ಅಷ್ಟೇ.

"ಕುದಿಸಿ ಕುಡಿದರಾತು" ಎಂದರು ಅವರ ಮಗ. ಕುದಿಸಿದರೆ ರೋಗಾಣು ಸಾಯುತ್ತವೆ, ಒಂದಿಷ್ಟು ಗಡಸು ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ನಾರು ಹುಣ್ಣಿನ ಬೀಜ ನಿಲ್ಲುತ್ತಿತ್ತು, ಇದು ನಿಲ್ಲುವುದಿಲ್ಲ. ಆರ್‌ಓ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ, ಸುಳ್ಳು ಹೇಳಬಾರದು. ಊರೂರಲ್ಲಿ ನಾಣ್ಯ ಹಾಕಿ ನೀರು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದದ್ದರಿಂದ ಫ್ಲೋರೈಡಿನ ಹಳ್ಳಿಗಳಿಗೆ ದೊಡ್ಡ ಉಪಕಾರವಾಗಿದೆ. ಆದರೆ ಮನೆಯ ಯಂತ್ರ ಒಂದು ಕೊಡ ಕೊಟ್ಟು ಎರಡು ಮೂರು ಕೊಡ ಹೊರಗೆ ಚೆಲ್ಲುತ್ತದೆ. ಪೊರೆ ಸವೆದದ್ದು ಹೊರಗೆ ಕಾಣುವುದಿಲ್ಲ. ಕರಗಿದ ಲವಣ 500 ಮಿಲಿಗ್ರಾಮಿಗಿಂತ ಕಡಿಮೆಯಿರುವಲ್ಲಿ ಇಂಥ ಯಂತ್ರ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಹಿತ್ತಲ ಆ ನೀರಿನಂಥ ಪ್ರಸಂಗ ನೋಡಿದರೆ ಬರೀ ಒಟ್ಟು ಲವಣವನ್ನು ಅಳತೆಗೋಲು ಮಾಡುವುದೂ ಸಾಲದೆನ್ನಿಸುತ್ತದೆ.

ನನ್ನ ಮೆಚ್ಚಿನ ಉಪಾಯ ಮಳೆಯ ನೀರು. ಅದರಲ್ಲಿ ಸುಣ್ಣವೂ ಇಲ್ಲ, ಫ್ಲೋರೈಡೂ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಹಿಂದಿನ ಮೇಲ್ಮುದ್ದೆಯ ಮಾಳಿಗೆಯಿಂದ ಇಳಿಯುತ್ತಿದ್ದದ್ದು ಕೆಸರುನೀರು, ಹಿಡಿಯುವಂತಿರಲಿಲ್ಲ. ಈಗ ಎಲ್ಲರ ಮನೆಯೂ ಕಾಂಕ್ರೀಟಿನದು. ಮೊದಲ ಮಳೆ ಬಿಟ್ಟು, ಚೊಕ್ಕಟವಾದ ಮಾಳಿಗೆಯಿಂದ ಸೋಸಿ ತೊಟ್ಟಿ ತುಂಬಿಸಿಕೊಂಡರೆ ಒಂದು ಮಗುವಿನ ಕುಡಿಯುವ ನೀರಿಗೆ ಬಹಳ ತಿಂಗಳು ಸಾಕು, ಕುಡಿಯುವಾಗ ಕುದಿಸಬೇಕು. ಸೂಡಿಯ ನಾಗಕುಂಡವನ್ನು ಕಟ್ಟಿಸಿದ ಚಾಲುಕ್ಯರ ಕಾಲದವರು ಕಲ್ಲಿನಲ್ಲಿ ಅಷ್ಟು ಚೆಂದವಾಗಿ ನೀರನ್ನು ಕಾದಿಟ್ಟರು. ನಮಗೆ ಸಿಮೆಂಟಿನ ಒಂದು ತೊಟ್ಟಿ ಭಾರವೇ?

ವಾದ ಒಂದು ಸಂಜೆಗೆ ಮುಗಿಯಲಿಲ್ಲ. ಕೊನೆಗೆ ಅತ್ತೆಯವರನ್ನು ಒಪ್ಪಿಸಿದ್ದು ನನ್ನ ರಸಾಯನಶಾಸ್ತ್ರವಲ್ಲ, ಸೊಸೆ. ಅವಳು ಏನೂ ವಾದಿಸದೆ ಅತ್ತೆಯ ಮುಂದೆ ಕುಳಿತು, ಬಾಯಿಯ ಮುಂದಿನ ಕೈ ತೆಗೆದು, "ಅತ್ತಿ, ನಮ್ಮೂರ ನೀರೂ ಸಿಹಿನ ಇತ್ತರಿ" ಎಂದಳು.

ಹೌದು, ಅದೇ ವಿದ್ಯಾರ್ಥಿನಿ.

ಈಗ ಆ ಮನೆಯಲ್ಲಿ ಬೋರಿನ ನೀರು ಬಟ್ಟೆಗೆ, ಸ್ನಾನಕ್ಕೆ. ಅಕ್ಕಪಕ್ಕದವರಿಗೂ ಕುಡಿಯಲು ಒಯ್ಯಬೇಡಿರೆಂದು ಹಿರಿಯರೇ ಹೇಳುತ್ತಿದ್ದಾರೆ; ಕೆಲವರು ಜಂಬವೆಂದು ಸಿಟ್ಟಾಗಿದ್ದಾರಂತೆ. ಕುಡಿಯಲು ಮತ್ತು ಅಡುಗೆಗೆ ನಳದ ನೀರು, ಹೊಳೆಯದು ಬಂದ ದಿನ ಹಿಡಿದಿಟ್ಟದ್ದು. ಬೋರು ಬೆರೆತ ದಿನ ಬೇಳೆಯನ್ನು ರಾತ್ರಿಯೇ ನೆನೆಹಾಕಿ, ಚಿಟಿಕೆ ಸೋಡಾ ಹಾಕಿ, ಮೂರು ಸೀಟಿ ಹೆಚ್ಚಿಗೆ ಕೂಗಿಸುತ್ತಾರೆ. ಮಗುವಿಗೆ ಈಗ ನಾಲ್ಕು ವರ್ಷ. ಶಾಶ್ವತ ಹಲ್ಲು ಕಾಣಿಸಿಕೊಳ್ಳಲು ಇನ್ನೂ ಎರಡು ವರ್ಷ ಬೇಕು.